ಒಂದು ಕೈಯ ಪಿಸ್ತೂಲು, ಎರಡು ಕೈಯ ಪಿಸ್ತೂಲು

೧

ಹೇಗೆ ಶುರು ಮಾಡಲಿ, ನೀವೇ ಹೇಳಿ. ‘ಢಂ’ ಎಂದು ಶುರು ಮಾಡಿದರೆ ಕೂತಲ್ಲೇ ನೆಟ್ಟಗಾಗುತ್ತೀರಿ, ಗೊತ್ತು ನನಗೆ. ಪಿಸ್ತೂಲು ಕಂಡರೆ ಸಾಕು, ನಿಮಗೆ ಯಾರಾದರೂ ಸಾಯಲೇಬೇಕು. ಇಲ್ಲಿ ಯಾರೂ ಸಾಯುವುದಿಲ್ಲ. ಇದು ಟ್ವೆಂಟಿ-ಟೂ ಪಿಸ್ತೂಲು ಕೊಳ್ಳುವ ಕಥೆ. ಬಟಾಣಿ ಕಾಳಿನಷ್ಟು ಗುಂಡು. ಹೊಡೆಯುವುದು ಕಾಗದದ ಗುರಿಗೆ, ಇಲ್ಲವೇ ಖಾಲಿ ಡಬ್ಬಕ್ಕೆ. ಇಷ್ಟವಿಲ್ಲದಿದ್ದರೆ ಪತ್ತೇದಾರಿ ಕಾದಂಬರಿ ಓದಿಕೊಳ್ಳಿ, ನನ್ನ ಅಡ್ಡಿಯಿಲ್ಲ.

೨ (ಮೊದಲ ಕರಡು. ಬಿಸಾಡಿದ್ದು.)

“ಪಶ್ಚಿಮ ಪೆನ್ಸಿಲ್ವೇನಿಯಾದ ಬೆಟ್ಟಗಳ ಮೇಲೆ ಮಂಜು ಹಾಸಿತ್ತು...”

ಥೂ! ಮಂಜೂ ಇಲ್ಲ, ಮಣ್ಣೂ ಇಲ್ಲ. ಶನಿವಾರ ಬೆಳಗ್ಗೆ, ವೆಂಡಲ್‌ನ ಬಂದೂಕಿನ ಅಂಗಡಿ. ಗಾಜಿನ ಕೌಂಟರಿಗೆ ಮೊಣಕೈ ಊರಿಕೊಂಡು ನಾಲ್ಕೈದು ಗಂಡಸರು ಪುಕ್ಕಟೆ ಕಾಫಿ ಹೀರುತ್ತಿದ್ದಾರೆ. ಈ ಊರಿನಲ್ಲಿ ಇದ್ದೂ ಇದ್ದೂ ನನ್ನ ತಲೆ ನರೆತಿದೆ. ಇವರು ಒಂದು ಡಬ್ಬಿ ತೋಟಾ ಕೊಂಡದ್ದನ್ನೂ ನಾನು ನೋಡಿಲ್ಲ. ಆದರೆ ಬಂದವರಿಗೆಲ್ಲ ಉಪದೇಶ ಮಾತ್ರ ಧಾರಾಳ.

ಇಂಥ ಕಡೆಗೆ ಓರಿನ್ ಸ್ಟೌಫರ್ ಬರುತ್ತಾನೆ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಹಿಂದೆಯೇ ಹೆಂಡತಿ ಮರ್ನಾ.

೩

ಪ್ರತಿ ಮಂಗಳವಾರ ಇಲ್ಲಿ ತಂಡ ಕಟ್ಟಿಕೊಂಡು ಪಿಸ್ತೂಲಿನ ಗುರಿ ಪಂದ್ಯ ಆಡುತ್ತಾರೆ, ಅದಕ್ಕೆ ಲೀಗ್ ಎಂದು ಹೆಸರು; ಓರಿನ್ ಅದರಲ್ಲಿ ವೆಂಡಲ್‌ನ ತಂಡದ ಹಳೆಯ ಹುಲಿ. ಆ ಲೀಗಿನ ಪದ್ಧತಿ ಹೀಗೆ: ನೆಟ್ಟಗೆ ನಿಲ್ಲಬೇಕು, ಒಂದೇ ಕೈ ಚಾಚಿ ಹೊಡೆಯಬೇಕು, ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿರಬೇಕು. ಎರಡು ಕೈಯಲ್ಲಿ ಹಿಡಿದವನು ಇವರ ಲೆಕ್ಕದಲ್ಲಿ ಗಂಡಸೇ ಅಲ್ಲ. (ನಗಬೇಡಿ. ನಿಮ್ಮೂರಲ್ಲೂ ಇಂಥದ್ದು ಏನಾದರೊಂದು ಇದ್ದೇ ಇರುತ್ತದೆ.)

ಕಳೆದ ಚಳಿಗಾಲದಿಂದ ಓರಿನ್‌ನ ಅಂಕ ಇಳಿಯುತ್ತಿದೆ. ಅಂಕ ಇಳಿದರೆ ಈ ಜನ ಡಾಕ್ಟರ ಹತ್ತಿರ ಹೋಗುವುದಿಲ್ಲ, ಬಂದೂಕಿನ ಅಂಗಡಿಗೆ ಹೋಗುತ್ತಾರೆ. ಮೊದಲು ತೋಟಾ ಸರಿಯಿಲ್ಲ ಅಂದ. ಆಮೇಲೆ ಹಿಡಿ ಸರಿಯಿಲ್ಲ ಅಂದ. ಈಗ ಪಿಸ್ತೂಲೇ ಸರಿಯಿಲ್ಲವಂತೆ. ಇಂಥ ಮಹಾ ಬುದ್ಧಿವಂತನನ್ನು ನಾಯಕನಾಗಿ ಇಟ್ಟುಕೊಂಡು ನಾನು ಕಥೆ ಬರೆಯಬೇಕು, ನನ್ನ ಕರ್ಮ.

“ನೋಡಯ್ಯಾ,” ಎಂದ ವೆಂಡಲ್. ಕೌಂಟರಿನ ಮೇಲೆ ಎರಡು ಪಿಸ್ತೂಲು ಇಟ್ಟ. “ಇದು ಭಾರದ್ದು, ದಪ್ಪ ನಳಿಗೆ, ಲೀಗಿಗೆ ಹೇಳಿ ಮಾಡಿಸಿದ್ದು. ಇದು ಹಗುರ, ಪ್ಲಾಸ್ಟಿಕ್ ಮೈ. ಎರಡೂ ಕೈಲಿ ಹಿಡ್ಕೊಂಡು ಕೊಟ್ಟಿಗೆ ಹಿಂದೆ ಡಬ್ಬ ಹೊಡಿಯೋಕೆ ಭಾಳ ಮಜಾ.”

“ಡಬ್ಬ ಹೊಡಿಯೋಕೆ ನಾನೇನು ಚಿಕ್ಕ ಹುಡುಗನೇನೋ?”

“ಆ ಹಗುರದ್ದು ಮರ್ನಾಗೆ ಕೊಡ್ಸು,” ಎಂದ ಕಾಫಿ ಗುಂಪಿನವನೊಬ್ಬ. ಉಳಿದವರು ಹಲ್ಲು ಕಿರಿದರು.

“ನಿನ್ನ ಕಾಫಿ ಕುಡಿ, ಪುಕ್ಕಟೆದು ತಣ್ಣಗಾದ್ರೆ ಹೊಟ್ಟೆ ಉರಿಯುತ್ತೆ,” ಎಂದಳು ಮರ್ನಾ.

ವೆಂಡಲ್ ದನಿ ತಗ್ಗಿಸಿದ. “ಓರಿನ್, ಮಂಗಳವಾರ ತಂಡದಲ್ಲಿ ಯಾರ್ಯಾರು ಅಂತ ಹೆಸರು ಕೊಡ್ಬೇಕು. ಭಾರದ್ದನ್ನ ಒಂದ್ಸಲ ಎತ್ತಿ ತೋರ್ಸು. ಕೈ ಅಲುಗದೆ ನಿಂತ್ರೆ ತಂಡದಲ್ಲಿ ನೀನೇ. ಇಲ್ದಿದ್ರೆ... ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ?”

೪

ಪಿಸ್ತೂಲಿನಲ್ಲಿ ತೋಟಾ ಇಲ್ಲವೆಂದು ವೆಂಡಲ್, ಓರಿನ್ ಇಬ್ಬರೂ ನೋಡಿಕೊಂಡರು. ಗೋಡೆಯಲ್ಲಿ ಒಂದು ಜಿಂಕೆಯ ತಲೆ ಇದೆ, ಕೊಳ್ಳುವವರೆಲ್ಲ ಗುರಿ ಹಿಡಿಯುವುದು ಅದಕ್ಕೇ. ಓರಿನ್ ಎಡಗೈಯನ್ನು ಜೇಬಿಗೆ ತುರುಕಿ, ಬಲಗೈ ಎತ್ತಿದ.

ನಳಿಗೆಯ ತುದಿ ಜಿಂಕೆಯ ಹಣೆಯಿಂದ ಕಿವಿಗೆ ಹೋಯಿತು. ಕಿವಿಯಿಂದ ಪಕ್ಕದ ಕ್ಯಾಲೆಂಡರಿಗೆ ಹೋಯಿತು. ಕೈ ಗಡಗಡ ನಡುಗುತ್ತಿತ್ತು.

ನಗುವುದನ್ನೇ ಕಸುಬು ಮಾಡಿಕೊಂಡ ಆ ಗಂಡಸರು ನಗಲಿಲ್ಲ. ಒಬ್ಬ ಖಾಲಿ ಲೋಟದೊಳಗೆ ಇಣುಕಿದ. ಅವರು ನಕ್ಕಿದ್ದರೆ ಚೆನ್ನಾಗಿತ್ತು, ನಾನು ಅವರಿಗೆ ಬೈದು ಹಗುರಾಗುತ್ತಿದ್ದೆ.

ಆಗ ಓರಿನ್, ಕೈ ಇಳಿಸದೆ, ನನ್ನ ಕಡೆ ತಿರುಗಿದ. ಹೌದು, ನನ್ನ ಕಡೆಗೇ.

“ಬರೆಯೋನು ನೀನೇ ತಾನೇ? ಆ ನಡುಕ ತೆಗೆದುಹಾಕು.”

“ಓರಿನ್, ಅದು...”

“ಇಷ್ಟೊತ್ತು ನನ್ನ ಮೇಲೆ ಕೊಂಕು ಮಾತಾಡಿದ್ಯಲ್ಲ, ಸುಮ್ನೆ ಕೇಳಿಸ್ಕೊಂಡೆ. ಒಂದೇ ಒಂದು ಸಾಲು ಬರಿ ಮಾರಾಯ. ಮಂಗಳವಾರ ಬಿಟ್ರೆ ನನಗೆ ಇನ್ನೇನಿದೆ?”

೫ (ಎರಡನೆಯ ಕರಡು.)

ಬರೆದೆ. “ಕೈ ನಡುಗಲಿಲ್ಲ. ನಳಿಗೆ ಜಿಂಕೆಯ ಹಣೆಯ ಮೇಲೆ ಅಲುಗದೆ ನಿಂತಿತು. ವೆಂಡಲ್ ಅವನ ಬೆನ್ನು ತಟ್ಟಿ...”

“ಅಳಿಸ್ರೀ ಅದನ್ನ!” ಮರ್ನಾ. “ಏನ್ರೀ ಬರಹಗಾರರೇ, ನಿಮಗೇನು, ಬರೆದು ಎದ್ದು ಹೋಗ್ತೀರಿ. ನಾಳೆ ಮಧ್ಯಾಹ್ನ ಇವನ ಸೂಪಿನ ಚಮಚ ನಡುಗೋದು ನಿಮ್ಮ ಕಥೇಲಲ್ಲ, ನನ್ನ ಅಡುಗೆಮನೇಲಿ. ಈ ತೋಟಾ ಆ ತೋಟಾ ಅಂತ ಇವನು ತಿಂಗಳುಗಟ್ಟಲೆ ಸುಳ್ಳು ಹೇಳ್ಕೊಂಡ. ಇನ್ನು ನೀವೊಬ್ರು ಸೇರ್ಕೋಬೇಡಿ. ಡಾಕ್ಟರ ಹತ್ರ ಹೋಗೋದು ಇನ್ನೂ ತಡವಾಗುತ್ತೆ, ಅಷ್ಟೇ ನಿಮ್ಮ ಉಪಕಾರ.”

ಅಳಿಸಿದೆ. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

೬

ಮುಕ್ತಾಯ ಬೇಕೇ? ತಗೊಳ್ಳಿ, ಚೌಕಾಸಿ ಮಾಡಿ.

(ಅ) ಹಟಕ್ಕೆ ಬಿದ್ದು ಭಾರದ್ದನ್ನೇ ಕೊಂಡು ಮಂಗಳವಾರ ಎಲ್ಲರೆದುರು ಅವಮಾನಪಟ್ಟ. ಇದು ವಿಮರ್ಶಕರಿಗೆ.

(ಆ) ಹಗುರದ್ದನ್ನು ಕೊಂಡ. ಕೊಟ್ಟಿಗೆಯ ಹಿಂದೆ ಗಂಡಹೆಂಡತಿ ಡಬ್ಬ ಉರುಳಿಸುತ್ತಾ ನಕ್ಕರು, ಸೂರ್ಯ ಮುಳುಗಿದ. ಇದು ದೀಪಾವಳಿ ವಿಶೇಷಾಂಕಕ್ಕೆ.

ಎರಡೂ ನನಗೆ ಬೇಡ. ಓರಿನ್ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಾನೆ. ಪಿಸ್ತೂಲು ನಡುಗುತ್ತಿದೆ. ಮರ್ನಾ ಅವನ ಎಡಕ್ಕೆ ಬಂದು ನಿಂತಿದ್ದಾಳೆ, ಮುಟ್ಟುತ್ತಿಲ್ಲ. ಎಡಗೈಯನ್ನು ಜೇಬಿನಿಂದ ತೆಗೆದು ಬಲಗೈಗೆ ಆಸರೆ ಕೊಟ್ಟರೆ ನಡುಕ ಅರ್ಧ ನಿಲ್ಲುತ್ತದೆ, ಅವನ ಪಾಲಿಗೆ ಲೀಗ್ ಪೂರ್ತಿ ಮುಗಿಯುತ್ತದೆ. ಜೇಬಿನ ಬಟ್ಟೆಯೊಳಗೆ ಆ ಕೈಯ ಬೆರಳು ಅಲ್ಲಾಡುತ್ತಿರುವುದು ಇಲ್ಲಿಂದ ಕಾಣುತ್ತಿದೆ.

ಒಂದು ಸಾಲು ಬರೆದರೆ ಆ ಕೈ ಹೊರಗೆ ಬರುತ್ತದೆ. ನಾನು ಬರೆಯುವುದಿಲ್ಲ. ಆ ಕೈ ನನ್ನದಲ್ಲ.