ಹೂಮಳೆಯ ಮರುದಿನ ಹತ್ತಿದ ಜಾಯಿಂಟ್ ವೀಲ್

ಆ ವರ್ಷ ಮಾರ್ಚ್ ತಿಂಗಳಲ್ಲಿ ಬೆಳಗೋಡಿನ ಹತ್ತಿರದ ಗದ್ದೆಬಯಲಿಗೆ ಊರೂರು ತಿರುಗುವ ಎಕ್ಸಿಬಿಷನ್ ಕಂಪನಿಯೊಂದು ಬಂತು. ಮೂರು ಲಾರಿ ತುಂಬ ಕಬ್ಬಿಣ ಇಳಿಯಿತು. ಎರಡೇ ದಿನದಲ್ಲಿ ತೆಂಗಿನಮರಕ್ಕಿಂತ ಎತ್ತರದ ಜಾಯಿಂಟ್ ವೀಲ್ ಎದ್ದು ನಿಂತಿತು.

ಸುಬ್ಬಯ್ಯ ಕಾಫಿ ಎಸ್ಟೇಟಿನಲ್ಲಿ ಏಣಿ ಹತ್ತಿ, ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುವವನು. ಅವನ ಏಳು ವರ್ಷದ ಮಗಳು ಹೇಮಶ್ರೀ ಅಪ್ಪನ ಬೆನ್ನು ಬಿಡಲಿಲ್ಲ. "ಹೂಮಳೆ ಬೀಳ್ಲಿ ಮಗಾ, ಕರ್ಕೊಂಡ್ ಹೋಗ್ತೀನಿ" ಎಂದಿದ್ದ. ಕಾಫಿ ಗಿಡ ಹೂ ಬಿಡಬೇಕಾದರೆ ಆ ಮಳೆ ಬೀಳಲೇಬೇಕು. ಬುಧವಾರ ಎರಡು ಇಂಚು ಸುರಿಯಿತು. ಮರುದಿನ ಖುಷಿಯಲ್ಲಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಧ್ಯಾಹ್ನವೇ ಆಳುಗಳಿಗೆ ಕೆಲಸ ಬಿಡಿಸಿದರು. ಕೂಲಿಯವರ ಲೈನ್ ಮನೆಗಳವರೆಲ್ಲ ಗದ್ದೆಬಯಲಿಗೆ ಹೊರಟರು.

ಪಕ್ಕದ ಮನೆಯ ಅಂಗನವಾಡಿ ಟೀಚರ್ ಕಲ್ಯಾಣಮ್ಮನೂ ಜೊತೆಗಿದ್ದರು. ವೀಲ್ ಹತ್ತಿರ ಬಂದಾಗ ಅವರ ಚಪ್ಪಲಿ ಕೆಸರಿನಲ್ಲಿ ಹೂತಿತು.

"ಸುಬ್ಬಯ್ಯ, ನೆಲ ಇನ್ನೂ ಹಸಿ ಐತೆ. ನಾಕ್ ದಿನ ಬುಟ್ಟು ಬರೋಣ ಕಣೋ."

"ನಿಂಗೆ ಎಲ್ಲದಕ್ಕೂ ಹೆದ್ರಿಕೆ ಕಲ್ಯಾಣಕ್ಕ. ಇಷ್ಟ್ ದಪ್ಪ ಕಬ್ಬಿಣ ಐತೆ, ಏನಾಯ್ತದೆ?"

"ಮಳೆ ಆದ್ಮೇಲೆ ಯಾರಾದ್ರೂ ಇದನ್ನ ನೋಡವ್ರಾ? ಪಂಚಾಯ್ತಿ ಪರವಾನಗಿ ಐತಾ? ಕೇಳು ಮಾರಾಯ."

"ತೊಟ್ಟಿಲು ಹತ್ತೋಕೂ ಕಾಗದ ಕೇಳ್ಬೇಕಾ?"

ಸುತ್ತ ನಿಂತವರು ನಕ್ಕರು. ನಗುವುದಕ್ಕೆ ನಮಗೆ ಕಾರಣ ಬೇಕೇ! ಸುಬ್ಬಯ್ಯ ಹೆಂಡತಿ ಇಂದ್ರಮ್ಮನನ್ನೂ ಮಗಳನ್ನೂ ತೊಟ್ಟಿಲಲ್ಲಿ ಕೂರಿಸಿಯೇಬಿಟ್ಟ. ಒಂದೊಂದೇ ತೊಟ್ಟಿಲು ತುಂಬುತ್ತ ಅವರಿಬ್ಬರೂ ಮೇಲಕ್ಕೆ ಹೋದರು.

ಕಲ್ಯಾಣಮ್ಮನಿಗೆ ಸಮಾಧಾನವಾಗಲಿಲ್ಲ. ವೀಲಿನ ಹಿಂಬದಿಗೆ ಹೋಗಿ ನೋಡಿದರು. ವೀಲಿನ ಒಂದು ಕಾಲಿಗೆ ಕೊಟ್ಟಿದ್ದ ಹಲಗೆ ಓರೆಯಾಗಿ ಮಣ್ಣಿಗೆ ಇಳಿದಿತ್ತು. ಜನ ಹತ್ತಿದಂತೆ ಅದರ ಅಂಚಿನಲ್ಲಿ ನೀರು ಒಸರುತ್ತಿತ್ತು.

"ಸುಬ್ಬಯ್ಯ, ಮೆಣಸಿನ ಮರಕ್ಕೆ ಏಣಿ ಇಟ್ರೆ ಮೊದ್ಲು ಏನ್ ಮಾಡ್ತೀಯ?"

"ಬುಡ ನೋಡ್ತೀನಿ. ಅಲ್ಲಾಡ್ಸಿ ನೋಡ್ತೀನಿ. ಹಸಿ ನೆಲ ಆದ್ರೆ ಕಲ್ಲು ಕೊಡ್ತೀನಿ. ಯಾಕಕ್ಕ?"

"ಬಾ, ಇದ್ರ ಬುಡ ನೋಡು."

ಸುಬ್ಬಯ್ಯ ನೋಡಿದ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಬುಡ ನೋಡದೆ ಅವನು ಏಣಿ ಹತ್ತಿದವನಲ್ಲ. ಇಂದು ಹೆಂಡತಿ, ಮಗಳನ್ನು ಹತ್ತಿಸುವಾಗ ನೋಡಿರಲಿಲ್ಲ. ಅವನು ಎರಡೂ ಕೈ ಎತ್ತಿ ಕೂಗಿದ.

"ನಿಲ್ಸೋ! ಕಾಲು ಇಳೀತೈತೆ!"

ವೀಲ್ ನಡೆಸುವವನು ಓಡಿ ಬಂದು ನೋಡಿ ಬಿಳಿಚಿಕೊಂಡ.

"ನನ್ ಮಗಳನ್ನ ಮೊದ್ಲು ಇಳ್ಸು!"

"ಆಗಲ್ಲ ಅಣ್ಣ. ಸಾಲಾಗಿ ಇಳಿಸಿದ್ರೆ ಭಾರ ಒಂದೇ ಕಡೆಗೆ ವಾಲ್ತದೆ. ಈ ಕಡೆ ಒಂದು ತೊಟ್ಟಿಲು, ಎದುರುಗಡೆ ಒಂದು, ಹಂಗೇ ಇಳಿಸ್ಬೇಕು."

ಹನ್ನೆರಡು ತೊಟ್ಟಿಲು. ವೀಲ್ ಮೆಲ್ಲಗೆ ತಿರುಗುವಾಗ ಎಲ್ಲೋ ಕಿರ್ ಎನ್ನುತ್ತಿತ್ತು. ನಕ್ಕವರು ಈಗ ಹಿಂದಕ್ಕೆ ಸರಿದು ನಿಂತರು. ಎರಡು ಸಲ ಹೇಮಶ್ರೀ ಕೈಗೆ ಸಿಗುವಷ್ಟು ಕೆಳಗೆ ಬಂದು, ಸರದಿ ಬಾರದ್ದರಿಂದ ಮತ್ತೆ ಮೇಲೆ ಹೋದಳು. "ಅಪ್ಪಾ!" ಎಂದು ಕೈ ಚಾಚಿದಳು. ಎಳೆದುಕೊಳ್ಳಬೇಕು ಎನಿಸಿದರೂ ಸುಬ್ಬಯ್ಯ ಎರಡೂ ಕೈ ಹಿಂದೆ ಕಟ್ಟಿಕೊಂಡ. "ಏಳ್ಬೇಡ ಮಗಾ, ಅವ್ವನ್ನ ಹಿಡ್ಕೊಂಡ್ ಕೂತ್ಕೋ" ಎಂದ. ಹೆತ್ತವರಿಗೆ ಅಂಥ ಗಳಿಗೆ ಬರಬಾರದು.

ಎಂಟನೆಯದಾಗಿ ಇಳಿಸಿದ ತೊಟ್ಟಿಲು ಅವರದು. ಸುಬ್ಬಯ್ಯ ಮಗಳನ್ನು ಅಪ್ಪಿಕೊಂಡು ಕೆಸರಿನಲ್ಲೇ ಕೂತು ಅತ್ತ. ಇಂದ್ರಮ್ಮ ಅವನ ಹೆಗಲು ಹಿಡಿದು ನಿಂತಳು. ಉಳಿದವರೂ ಕ್ಷೇಮವಾಗಿ ಇಳಿದರು.

"ಯಾಕಪ್ಪ ಅಳ್ತೀಯ? ನಾನು ಬಿದ್ದಿಲ್ವಲ್ಲ" ಎಂದಳು ಹೇಮಶ್ರೀ.

ಸುದ್ದಿ ತಿಳಿದ ಪಂಚಾಯಿತಿಯವರು ವೀಲ್ ಬಿಚ್ಚಿಸಿ, ಗಟ್ಟಿ ನೆಲದಲ್ಲಿ ಹಾಕಿಸಿ, ಇಂಜಿನಿಯರ್ ಕೈಲಿ ನೋಡಿಸಿದರು. ಮುಂದಿನ ವಾರ ಸುಬ್ಬಯ್ಯ ಮಗಳೊಂದಿಗೆ ಮತ್ತೆ ಹೋದ. ಮೊದಲು ಪರವಾನಗಿ ಕೇಳಿದ. ಆಮೇಲೆ ಸುತ್ತ ಹೋಗಿ ಒಂದೊಂದೇ ಕಾಲಿನ ಬುಡ ಮುಟ್ಟಿ ನೋಡಿದ. ಈ ಸಲ ಯಾರೂ ನಗಲಿಲ್ಲ. ಅವನ ಹಿಂದೆ ಇನ್ನೂ ನಾಲ್ವರು ಬಗ್ಗಿ ನೋಡುತ್ತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ವೀಲ್ ಬರುತ್ತದೆ, ಮಕ್ಕಳು ಹಟ ಹಿಡಿಯುತ್ತಾರೆ. ಕರೆದುಕೊಂಡು ಹೋಗಿ. ಪರವಾನಗಿ ಕೇಳಲು ನಾಚಬೇಡಿ. ಮಳೆ ಬಿದ್ದಿದ್ದರೆ ನೆಲ ಆರುವ ತನಕ ತಡೆಯಿರಿ, ತೊಟ್ಟಿಲಿನ ಅಡ್ಡಪಟ್ಟಿ ಭದ್ರವಾಗಿ ಬಿದ್ದಿದೆಯೇ ಎಂದು ಎಳೆದು ನೋಡಿ. ಮಗು ಮೇಲೆ ನೋಡಲಿ. ನೀವು ಮೊದಲು ಬುಡ ನೋಡಿ.