ಮೊದಲ ಒಬ್ಬೆ ಇಡ್ಲಿ

ನಾನು ಕೆಲಸದವರನ್ನು ಬೈಯುವುದಿಲ್ಲ. ಅದನ್ನು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದೆ. ನನ್ನ ಸೋದರಮಾವ ದೇವದಾಸರಿಗೋ, ನಾಶಿಕದ ತಮ್ಮ ಹೋಟೆಲಿನಲ್ಲಿ ಬೈಗುಳವೇ ಸುಪ್ರಭಾತ. ಅವರು ಅರವತ್ತೊಂಬತ್ತನೇ ಇಸವಿಯಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಹೋಟೆಲು ತೆರೆದು, ಆರು ಜನ ಹಳೆಯ ಕೆಲಸಗಾರರನ್ನು ನನ್ನ ಜೊತೆ ಕಳಿಸಿದರು. "ಮೋಹನದಾಸ, ಆರು ತಿಂಗಳು ನಡೆಸಿ ತೋರಿಸು. ಆಗದಿದ್ರೆ ಬಾಗಿಲು ಹಾಕಿ ವಾಪಸ್ ಬಾ" ಎಂದರು. ವಾಪಸ್ ಹೋಗಿ ಆ ಬಾಯಿಯ ಕೆಳಗೆ ಬದುಕುವುದೇ? ಸತ್ತರೂ ಇಲ್ಲ!

ಎಲ್ಲವನ್ನೂ ಶಿಸ್ತಿಗೆ ತಂದೆ. ಗೋಡೆಗೆ ನಿಯಮಗಳ ಪಟ್ಟಿ ಅಂಟಿಸಿದೆ. ಗಿರಾಕಿ ಮೊದಲು, ಕೆಲಸದವರು ಆಮೇಲೆ ಎನ್ನುವುದು ಅದರಲ್ಲಿ ಒಂದನೆಯದು. ಅಡುಗೆಯ ಕಿಟ್ಟಣ್ಣ ಓದಿ ಸುಮ್ಮನೆ ಒಳಗೆ ಹೋದ. ಒಪ್ಪಿದ ಎಂದುಕೊಂಡೆ.

ಆರನೆಯ ತಿಂಗಳು ಖಾಯಂ ಗಿರಾಕಿ ವಿಶ್ವನಾಥಪ್ಪ ಬಂದರು. ಬೀದರ್ ಕಡೆಯವರು, ಇಲ್ಲಿ ನೌಕರಿ. ಆಫೀಸಿನವರನ್ನೆಲ್ಲ ಎರಡು ಬಸ್ಸಿನಲ್ಲಿ ವೇರೂಳದ, ಅಂದರೆ ಎಲ್ಲೋರದ, ಗುಹೆಗೆ ಕರೆದೊಯ್ಯುವವರಿದ್ದರು.

"ಸಾಹೇಬ್ರ, ನಾಳಿ ಮುಂಜಾನಿ ಏಳಕ್ಕ ನೂರು ಮಂದಿಗೆ ನಾಷ್ಟಾ ತಯಾರ್ ಇರಬೇಕ್ರಿ."

ನೂರು ಜನ! ನಾನು ಕುಣಿಯುವುದೊಂದು ಬಾಕಿ. ಓಡಿ ಹೋಗಿ ಕಿಟ್ಟಣ್ಣನಿಗೆ ಹೇಳಿದೆ.

"ಮಾಡುವಾ," ಎಂದ ಅವನು. "ಅದೊಂದು ಮುಗಿಸಿ ಮಧ್ಯಾಹ್ನದ ಬಸ್ಸಿಗೆ ನಾವು ಆರೂ ಜನ ನಾಶಿಕಕ್ಕೆ ಹೋಗ್ತೇವೆ."

"ಯಾಕೆ? ನಾನು ಯಾರಿಗಾದ್ರೂ ಒಂದು ಮಾತು ಬೈದದ್ದುಂಟಾ?"

"ಇಲ್ಲ ಮಾರಾಯ್ರೆ. ನಾಶಿಕದ ಧಣಿ ಬೈತಾರೆ, ನಮ್ಮ ಅಜ್ಜನನ್ನೂ ಬಿಡುವುದಿಲ್ಲ. ಆದ್ರೆ ಒಲೆಯಿಂದ ಮೊದಲ ಒಬ್ಬೆ ಇಡ್ಲಿ ಇಳಿದ ಕೂಡ್ಲೇ ನಮ್ಮನ್ನು ಕೂರಿಸಿ ಅವರೇ ಬಡಿಸ್ತಾರೆ. ನಾವು ತಿನ್ನದೆ ಬಾಗಿಲು ತೆಗೆಯುವುದಿಲ್ಲ. ಇಲ್ಲಿ ನಮಗೆ ಮಧ್ಯಾಹ್ನ ಮೂರು ಗಂಟೆಗೆ, ತಳದಲ್ಲಿ ಉಳಿದದ್ದು."

ನಾಶಿಕದಲ್ಲಿ ನಾನು ಎಂಟು ಗಂಟೆಗೆ ಮೊದಲು ಹೋಟೆಲಿಗೆ ಕಾಲಿಟ್ಟವನೇ ಅಲ್ಲ. ಮೊದಲು ಸಿಟ್ಟು ನೆತ್ತಿಗೇರಿತು. ಇಡ್ಲಿಗಾಗಿ ನನ್ನ ಹೋಟೆಲು ಮುಚ್ಚಿಸುತ್ತಾರಲ್ಲ! ಆಮೇಲೆ, ಹದಿನೈದು ವರ್ಷದಲ್ಲಿ ಮಾವನ ಕೆಲಸ ಬಿಟ್ಟು ಒಬ್ಬನೂ ಹೋಗಿಲ್ಲ ಎನ್ನುವುದು ಹೊಳೆದು ನಾಚಿಕೆಯಾಯಿತು.

ಮರುದಿನ ಆರೂವರೆಗೇ ಬಸ್ಸುಗಳು ಬಂದುಬಿಟ್ಟವು! ಬಾಗಿಲ ಹೊರಗೆ ಜಾತ್ರೆ. ಮೊದಲ ಒಬ್ಬೆ ಆಗಷ್ಟೇ ಇಳಿದಿತ್ತು. ಕಿಟ್ಟಣ್ಣ ತಟ್ಟೆಗಳನ್ನು ಹೊರಗೆ ಸಾಗಿಸಲು ಹೊರಟ. ನಾನು ಅಡ್ಡ ನಿಂತೆ.

"ಎಲ್ಲರೂ ಕೂತ್ಕೊಳ್ಳಿ."

"ಹೊರಗೆ ಜನ ಕಾಯ್ತಾ ಉಂಟು!"

"ಕಾಯಲಿ. ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ!" ಎಂದು ಕಿರುಚಿದೆ. ಆರೂ ಜನ ಕಂಗಾಲಾಗಿ ಕೂತುಬಿಟ್ಟರು.

ವಿಶ್ವನಾಥಪ್ಪ ಬಾಗಿಲು ಬಡಿದರು. "ಏನ್ರಿ ಇದು, ನಮ್ಮನ್ನ ಹೊರಗ ನಿಲ್ಲಿಸಿ ಒಳಗ ಯಾರಿಗೆ ನೀಡಾಕತ್ತೀರಿ?"

"ಮಾಡುವವರು ತಿಂತಿದ್ದಾರೆ! ನೀವು ಏಳಕ್ಕೆ ಅಂದಿದ್ರಿ, ಏಳಕ್ಕೆ ತೆಗೀತೇನೆ!"

ಬೇರೆ ಹೋಟೆಲಿಗೆ ಹೋಗೋಣವೆಂದು ಯಾರೋ ಮರಾಠಿಯಲ್ಲಿ ಕೂಗಿದರು. ನಾನು ಬಾಗಿಲ ಕಡೆಗೇ ನೋಡುತ್ತ ಬಡಿಸಿದ ಚಟ್ನಿ ಅರ್ಧ ಕಿಟ್ಟಣ್ಣನ ಪಂಚೆಯ ಮೇಲೆ ಬಿತ್ತು.

ಏಳಕ್ಕೆ ಬಾಗಿಲು ತೆಗೆದೆ. ಅಬ್ಬಾ, ಆಮೇಲಿನ ಆ ಒಂದು ಗಂಟೆ! ಒಬ್ಬೆಯ ಮೇಲೆ ಒಬ್ಬೆ ಇಳಿಯಿತು, ಆರು ಜನ ಹನ್ನೆರಡಾಗಿ ಓಡಿದರು, ನಾನೂ ಕೌಂಟರು ಬಿಟ್ಟು ಲೋಟ ಎತ್ತಿದೆ. ಎಂಟು ಗಂಟೆಗೆ ನೂರು ಜನವೂ ತೇಗುತ್ತ ಬಸ್ಸು ಹತ್ತಿದರು. "ಸಿಟ್ಟು ಬಂದಿತ್ರಿ ಖರೆ, ಆದ್ರ ಇಡ್ಲಿ ಭಾರಿ ಆಗ್ಯಾವ!" ಎಂದರು ವಿಶ್ವನಾಥಪ್ಪ.

ಹನ್ನೊಂದಾಯಿತು. ನಾಶಿಕದ ಬಸ್ಸು ಹನ್ನೆರಡಕ್ಕೆ. ಒಂದು ದಿನ ಬಡಿಸಿದ ಮಾತ್ರಕ್ಕೆ ಹೋಗಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕಿಟ್ಟಣ್ಣ ಕೈ ಒರೆಸಿಕೊಳ್ಳುತ್ತ ಎದುರು ಬಂದು ನಿಂತ.

"ನಿಮಗೆ ಬಡಿಸ್ಲಿಕ್ಕೆ ಚೂರೂ ಬರುವುದಿಲ್ಲ," ಎಂದು ಗದರಿದ. "ಪಂಚೆ ಹಾಳಾಯ್ತು."

ಹೊಸ ಪಂಚೆಗೆಂದು ನಾನು ಗಲ್ಲಾದಿಂದ ದುಡ್ಡು ತೆಗೆಯಹೊರಟೆ.

"ನಾಳೆಗೆ ಉದ್ದು ಎಷ್ಟು ನೆನೆಹಾಕ್ಲಿ?"

ಐದು ತಿಂಗಳಿಂದ ಅಳೆದು ಕೊಡುತ್ತಿದ್ದವನು ನಾನೇ. ಆ ಕ್ಷಣಕ್ಕೆ ಎಲ್ಲ ಮರೆತುಹೋಗಿತ್ತು.

"ನೀವೇ ಹೇಳಿ ಕಿಟ್ಟಣ್ಣ," ಎಂದೆ.