ಬಟ್ಟಲಲ್ಲಿ ಬೆಳೆದ ಸ್ನಾಯು

ರೋಜಾ ಕೂಡ್ಲಿಗಿಯ ಅಂಗನವಾಡಿ ಕಾರ್ಯಕರ್ತೆ ಕನಕಮ್ಮನ ಮಗಳು. ದಾವಣಗೆರೆಯ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳ ತಮ್ಮ ಕ್ರಾಂತಿಕುಮಾರನಿಗೆ ಹುಟ್ಟಿನಿಂದಲೇ ಸ್ನಾಯು ಕರಗುವ ರೋಗ. ಹೈಸ್ಕೂಲು ಮುಗಿಯುವುದರೊಳಗೆ ಕಾಲಿನ ಬಲ ಹೋಗಿ ನಡೆಯುವುದು ನಿಂತಿತು. ಆಮೇಲೆ ಕೈಯೂ ಸೋತು, ನೀರಿನ ಲೋಟ ಎತ್ತಲಿಕ್ಕೂ ತಾಯಿ ಬೇಕಾಯಿತು. ಸ್ನಾಯು ಕಾಯುವ ಜೀನ್ ಕೆಟ್ಟಿದೆ, ಅದು ತಾಯಿಯಿಂದ ಬಂದದ್ದು ಎಂದು ಡಾಕ್ಟರು ಹೇಳಿದ ಮೇಲೆ ಕನಕಮ್ಮ ಮಗನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಳು.

ಲ್ಯಾಬಿನ ಗಾಜಿನ ಬಟ್ಟಲಲ್ಲಿ ಬೆಳೆಸಿದ ಜೀವಕೋಶಗಳೊಳಕ್ಕೆ ಒಳ್ಳೆಯ ಜೀನನ್ನು ಯಾವ ದಾರಿಯಲ್ಲಿ ಕಳಿಸಿದರೆ ಚೆನ್ನಾಗಿ ಸೇರುತ್ತದೆ ಎಂದು ಹೋಲಿಸಿ ನೋಡುವುದು ರೋಜಾಳ ಕೆಲಸ. ರೋಗಿಯೊಬ್ಬರ ಸ್ನಾಯು ಬೇಕಿದೆ ಎಂದು ಮನೆಯಲ್ಲಿ ಮಾತಿಗೆ ಹೇಳಿದ್ದಳು. ಕ್ರಾಂತಿ ತಾನಾಗಿಯೇ ಮುಂದೆ ಬಂದ.

"ನನ್ನವು ತಗೋ ಅಕ್ಕ. ಹೆಂಗೂ ನನಗಂತೂ ಉಪಯೋಗಕ್ಕ ಬರವಲ್ಲವು," ಅಂದ.

ಅನುಮತಿಗಳೆಲ್ಲ ಆಗಿ, ಅವನ ತೊಡೆಯಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದರು. ರೋಜಾ ಅದನ್ನು ಬೆಳೆಸಿದಳು. ಮೊದಲು ಜೀನನ್ನು ಸಣ್ಣ ಕೊಬ್ಬಿನ ಹನಿಗಳಲ್ಲಿ ಸುತ್ತಿ ಹಾಕಿದಳು. ಕೋಶಗಳು ಸುಖವಾಗಿದ್ದವು, ಜೀನು ಮಾತ್ರ ಬಹುತೇಕ ಹೊರಗೇ ಉಳಿಯಿತು. ಆಮೇಲೆ ವಿದ್ಯುತ್ತಿನ ಹೊಡೆತ ಕೊಟ್ಟು ಕೋಶದ ಪೊರೆ ಬಿರಿಯಿಸಿದಳು. ಜೀನು ಒಳಗೆ ಹೋಯಿತು, ಆದರೆ ಮಾರನೆಯ ದಿನ ನೋಡಿದರೆ ಹೆಚ್ಚಿನವು ಸತ್ತು ತೇಲುತ್ತಿದ್ದವು. ಸತ್ತವು ತಮ್ಮನವು ಎಂಬುದನ್ನು ಮರೆಯಲು ಅವಳಿಗೆ ಆಗಲಿಲ್ಲ. ಕೊನೆಗೆ, ರೋಗ ತರುವ ಗುಣ ತೆಗೆದುಹಾಕಿದ ಒಂದು ವೈರಸ್ಸಿನ ಬೆನ್ನ ಮೇಲೆ ಜೀನನ್ನು ಕಳಿಸಿದಳು. ಅದು ಸದ್ದಿಲ್ಲದೆ ಒಳಹೊಕ್ಕಿತು. ಜೀನು ಸೇರಿದ ಗುರುತಿಗೆ ಕೋಶಗಳು ಹಸಿರಾಗಿ ಹೊಳೆದವು.

ಕ್ರಾಂತಿಗೆ ಅವನ್ನು ನೋಡುವ ಆಸೆಯಾಯಿತು. ಪಕ್ಕದ ಮನೆಯ ದುರುಗೇಶ್ ತನ್ನ ಓಮ್ನಿಯಲ್ಲಿ ಕೊಟ್ಟೂರು, ಹರಪನಹಳ್ಳಿ ಮೇಲೆ ಹಾಯ್ದು ಅವನನ್ನು ಲ್ಯಾಬಿಗೆ ಕರೆತಂದ. ಕೋಶಗಳು ಒಂದಕ್ಕೊಂದು ಕೂಡಿ ಉದ್ದನೆಯ ಎಳೆಗಳಾಗಿದ್ದವು. ಸೂಕ್ಷ್ಮದರ್ಶಕದ ಪರದೆಯ ಮೇಲೆ ಒಂದು ಎಳೆ ಮೆಲ್ಲಗೆ ಮಿಡಿಯಿತು.

"ಅದು ಅಳ್ಳಾಡಾಕತ್ತೈತಿ," ಅಂದ ಕ್ರಾಂತಿ.

"ಹೌದಪಾ. ಅವು ನಿನ್ನವ."

ಅದು ಮತ್ತೊಮ್ಮೆ ಮಿಡಿಯುವವರೆಗೂ ಅವನು ದುರುಗೇಶನಿಗೆ ಗಾಲಿಕುರ್ಚಿ ತಿರುಗಿಸಲು ಬಿಡಲಿಲ್ಲ.

ಅವನು ಊರಿಗೆ ಹೋಗಿ ಕಂಡದ್ದನ್ನು ಹೇಳಿದ ಮೇಲೆ ಕನಕಮ್ಮ ಅಂಗನವಾಡಿಗೆ ಬಂದ ತಾಯಂದಿರಿಗೆಲ್ಲ ಮಗ ಎದ್ದು ಓಡಾಡುವ ದಿನ ಹತ್ತಿರ ಬಂತು ಎಂದು ಹೇಳಿದಳು. ರೋಜಾ ಬೇಡ ಅನ್ನಲಿಲ್ಲ. ಅವಳಿಗೂ ಆಸೆ ಹುಟ್ಟಿತ್ತು. ದೂರದ ಒಂದು ಆಸ್ಪತ್ರೆಯಲ್ಲಿ ಅದೇ ಬಗೆಯ ವೈರಸ್ಸಿನಿಂದ ಚಿಕಿತ್ಸೆಯ ಪ್ರಯೋಗ ಶುರುವಾಗಲಿತ್ತು. ಅವಳ ಮಾರ್ಗದರ್ಶಕಿ ಗಂಗಾಂಬಿಕಾ ಮೇಡಂ ಕ್ರಾಂತಿಯ ರಕ್ತವನ್ನು ಪರೀಕ್ಷೆಗೆ ಕಳಿಸಿಕೊಟ್ಟರು.

ಅವನನ್ನು ಪ್ರಯೋಗಕ್ಕೆ ತೆಗೆದುಕೊಳ್ಳಲಾಗದು ಎಂದು ಉತ್ತರ ಬಂತು. ಅದೇ ಜಾತಿಯ ನಿರಪಾಯದ ವೈರಸ್ಸು ಚಿಕ್ಕಂದಿನಲ್ಲಿ ಎಂದೋ ಅವನ ಮೈಗೆ ಬಂದು ಹೋಗಿತ್ತು. ರಕ್ತ ಅದನ್ನು ನೆನಪಿಟ್ಟಿತ್ತು. ಈಗ ವೈರಸ್ಸು ಜೀನು ಹೊತ್ತು ಬಂದರೂ ಸ್ನಾಯು ಮುಟ್ಟುವ ಮೊದಲೇ ರಕ್ತ ಅದನ್ನು ಕೊಂದುಹಾಕುತ್ತದೆ. ಕೊಬ್ಬಿನ ಹನಿ, ವಿದ್ಯುತ್ತು ಈ ಉಳಿದ ಎರಡು ದಾರಿಗಳು ಇಡೀ ಮೈಗೆ ಆಗುವಂಥವಲ್ಲ. ಅದನ್ನು ರೋಜಾಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಬಸ್ಸಿನಲ್ಲಿ ಕೂಡ್ಲಿಗಿಗೆ ಬಂದು ತಮ್ಮನ ಮಂಚದ ಮೇಲೆ ಕೂತು ಎಲ್ಲ ಹೇಳಿದಳು. ಅವನು ಅಳಲಿಲ್ಲ. ಅಂಥ ವೈರಸ್ಸು ಎಷ್ಟೋ ಜನಕ್ಕೆ ಬಂದು ಹೋಗುತ್ತದೆಯೇ ಎಂದು ಕೇಳಿದ. ಹೌದು ಅಂದಳು.

"ಬಟ್ಟಲದಾಗ ಇದ್ದವಕ್ಕ ರಕ್ತ ಇಲ್ಲ," ಅಂದ. "ಅದಕ್ಕ ಅವು ಚೊಲೋ ಆದವು."

ಆಮೇಲೆ, ಅವ್ವಗ ಹೇಳಬ್ಯಾಡ ಅಂದ. ಕನಕಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದು, ಎಷ್ಟೋ ವರ್ಷದ ಮೇಲೆ ಮಗನ ಮುಖವನ್ನು ನೇರವಾಗಿ ನೋಡಿದಳು. ಅವನ ಬಾಯೊರೆಸಿ ಹೊರಗೆ ಹೋದಳು.

ಮುಂದಿನ ಚಳಿಗಾಲದಲ್ಲಿ ಕ್ರಾಂತಿಯ ಎದೆಗೆ ಕಫ ಕಟ್ಟಿತು. ಕೆಮ್ಮಲಿಕ್ಕೂ ಸ್ನಾಯು ಬೇಕು. ಬಳ್ಳಾರಿಯ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಉಸಿರು ನಿಂತಿತ್ತು.

ರೋಜಾ ಲ್ಯಾಬಿಗೆ ಮರಳಿ ಹೋಲಿಕೆಯ ಕೆಲಸ ಮುಗಿಸಿದಳು. ಪ್ರಬಂಧಕ್ಕೆ ಒಳ್ಳೆಯ ಹೆಸರು ಬಂತು. ಮೇಡಂ ಅವಳ ಬೆನ್ನ ಮೇಲೆ ಕೈಯಿಟ್ಟರು.

ಯುಗಾದಿಗೆ ಊರಿಗೆ ಬಂದಾಗ ಕನಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ಅವನವು ಅಲ್ಲಿ ಇನ್ನೂ ಜೀವಂತ ಅದಾವೇನು?"

ಹೌದು ಅನ್ನಬೇಕೆಂದುಕೊಂಡಳು ರೋಜಾ. ಆದರೆ ಸುಳ್ಳು ನಾಲಿಗೆಗೆ ಬರಲಿಲ್ಲ. ಅಂಥ ಕೋಶಗಳು ಕೆಲವೇ ಸಲ ಒಂದು ಎರಡಾಗಿ ಒಡೆದು ಮುದಿಯಾಗುತ್ತವೆ, ಆಮೇಲೆ ಬೆಳೆಯುವುದಿಲ್ಲ ಎಂದು ಹೇಳಿದಳು. ಹೆಪ್ಪುಗಟ್ಟಿಸಿ ತೆಗೆದಿರಿಸಿದ್ದವೂ ಪ್ರಯೋಗಕ್ಕೇ ಖರ್ಚಾಗಿದ್ದವು.

"ಇಲ್ಲಬೇ ಅವ್ವ. ಅವೂ ಹೋದವು."

ಕನಕಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

"ಹಂಗಾದ್ರ ನೀ ಅಲ್ಲಿ ಇನ್ನ ಯಾರ ಸಲುವಾಗಿ ಅದಿ?" ಅಂದಳು.

ರೋಜಾ ಒಲೆಯ ಮುಂದೆ ಕೂತಳು. ಬೆಳಿಗ್ಗೆ ದಾವಣಗೆರೆಯ ಬಸ್ಸು ಹತ್ತಿದಳು.